ಎಡದಂಡೆ ಆಡಿಯೋ ಕತ್ತರಿಸಿದ ನುಡಿ

ನಮ್ಮ ಕ್ಯಾಸೆಟ್ ಕಂಪನಿಯ ಹೆಸರು ಎಡದಂಡೆ ಆಡಿಯೋ. ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿಗೆ ಒಪ್ಪುತ್ತದೆ ಎಂದು ನಾನೇ ಇಟ್ಟದ್ದು. ಬೋರ್ಡು ನೋಡಿ ನೀರಾವರಿ ಕಚೇರಿ ಎಂದುಕೊಂಡು, ಹೊಲಕ್ಕೆ ನೀರು ಬಂದಿಲ್ಲ ಎಂಬ ಅರ್ಜಿ ಹಿಡಿದು ಬಂದವರೂ ಉಂಟು. ಹದಿನೈದು ವರ್ಷದಲ್ಲಿ ನಲವತ್ತೊಂದು ಕ್ಯಾಸೆಟ್ ತಂದೆವು. ಭಜನೆ, ಮೊಹರಂ ಪದ, ಬಯಲಾಟ, ಹಂತಿ ಪದ, ಏನು ಸಿಕ್ಕರೆ ಅದು. ಲಿಂಗಸುಗೂರು, ಮಸ್ಕಿ ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಚೀಲದಲ್ಲಿ ಹೊತ್ತು ಹಾಕಿ ಬರುತ್ತಿದ್ದೆ. ಆಮೇಲೆ ಸಿ.ಡಿ. ಬಂತು, ಅದರ ಬೆನ್ನಿಗೆ ಮೊಬೈಲು ಬಂತು. ಈಗ ಅದೇ ಅಂಗಡಿಯಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತೇನೆ. ವಯಸ್ಸು ಅರವತ್ತೊಂಬತ್ತು. ಹಳೆಯದನ್ನು ಯಾರಾದರೂ ಕೆದಕಿದರೆ ನನಗೆ ಮೊದಲು ಬರುವುದು ಆಕಳಿಕೆ.

ಅನುಪಮಾ ಬಂದ ದಿನವೂ ಹಾಗೇ ಆಯಿತು. ಮಸ್ಕಿಯಲ್ಲಿ ಹೈಸ್ಕೂಲ್ ಟೀಚರ್ ಎಂದಳು. ಕಂಪನಿಯ ಚರಿತ್ರೆ ಬೇಕಾಗಿತ್ತೇನಮ್ಮ ಎಂದು ಕೇಳಿದೆ. ಕಾಲೇಜಿನವರು ಆಗಾಗ ಅದಕ್ಕೇ ಬರುತ್ತಾರೆ, ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಆಕೆಗೆ ಬೇಕಾದದ್ದು ಒಂದೇ ಹಾಡು, ‘ಕೆಸರ ಬಳಿ’. ಕೈಗೆ ಮೆತ್ತಿದ ಕೆಸರೇ ಬಳೆ ಎನ್ನುವ, ಭತ್ತದ ನಾಟಿ ಹಚ್ಚುವಾಗಿನ ಹಾಡು. ಈಗ ಮದುವೆಯ ಡಿ.ಜೆ.ಯಲ್ಲೂ ಕೇಳುತ್ತದೆ, ಟ್ರ್ಯಾಕ್ಟರಿನಲ್ಲೂ ಕೇಳುತ್ತದೆ. ಅದನ್ನು ಕಟ್ಟಿದವಳು ತನ್ನ ತಾಯಿ ಯಮನಮ್ಮ ಎಂದಳು.

ಜಿಲ್ಲೆಯ ಹಾಡುಗಳ ಪುಸ್ತಕವೊಂದು ಅಚ್ಚಿಗೆ ಹೋಗುತ್ತಿದೆಯಂತೆ. ಈ ಹಾಡಿನ ಕೆಳಗೆ ‘ಕಟ್ಟಿದವರು ಗೊತ್ತಿಲ್ಲ’ ಎಂದು ಹಾಕಿದ್ದಾರಂತೆ. ಹೋಗಿ ಕೇಳಿದರೆ, ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರು ಬರುವುದು ರೂಢಿಯಲ್ಲವೇ, ಆ ನುಡಿ ತೋರಿಸಿ, ಇಲ್ಲವೇ ಕ್ಯಾಸೆಟ್ ಕಂಪನಿಯವರಿಂದ ಬರೆಸಿಕೊಂಡು ಬನ್ನಿ, ಸೋಮವಾರದೊಳಗೆ, ಎಂದರಂತೆ.

"ಎಲ್ಲಾ ಕಡಿ ನಾಕ ನುಡಿ ಅದಾವು ಸರ್. ಐದನೇದು ಐತಿ ಅಂತ ನಮ್ಮ ಸಣ್ಣವ್ವ ಸಾಯೋತನಕ ಹೇಳ್ತಿದ್ಲು. ನಿಮ್ಮ ಒರಿಜಿನಲ್ ಟೇಪಿನ್ಯಾಗ ಇರಬೇಕಲ್ರೀ?"

ಐದನೆಯದು ಇತ್ತು. ತೊಂಬತ್ಮೂರರಲ್ಲಿ ಸಂತೆಕಲ್ಲೂರಿನ ಆರು ಹೆಣ್ಣುಮಕ್ಕಳು ನಾಟಿಗೆಂದು ನಮ್ಮ ಕಡೆ ಬಂದಿದ್ದರು. ಅವರನ್ನು ಅಕ್ಕಿ ಮಿಲ್ಲಿನ ಗೋಡೌನಿಗೆ ಕರೆಸಿ ಹಾಡಿಸಿದ್ದೆ. ಕರೆಂಟ್ ಹೋಗಿ ಮಿಲ್ಲು ನಿಂತಾಗಲೇ ನಮ್ಮ ರೆಕಾರ್ಡಿಂಗ್. ಟ್ರ್ಯಾಕ್ಟರ್ ಬ್ಯಾಟರಿಗೆ ವೈರು ಸಿಕ್ಕಿಸಿ ನಮ್ಮ ಕಂಪನಿಯ ಮಸ್ತಾನಸಾಬ ರೆಕಾರ್ಡಿಂಗ್ ಮಷಿನ್ ನಡೆಸುತ್ತಿದ್ದ. ಎಲ್ಲರ ಮುಂದೆ ನಿಂತವಳು ಯಮನಮ್ಮ. ಐದನೇ ನುಡಿಯಲ್ಲಿ ಆಕೆಯ ಹೆಸರು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಸಾಲು ಮಾತ್ರ ನೆನಪಿಲ್ಲ.

ಬರೆದುಕೊಡಬಹುದಿತ್ತು, ಎರಡು ನಿಮಿಷದ ಕೆಲಸ. ಆದರೆ ಬರೆದರೆ ಆ ನುಡಿ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಅದಕ್ಕೆ ನುಣುಚಿಕೊಂಡೆ. ಟೇಪು ಹುಡುಕೋಣ ಎಂದು ಟ್ರಂಕು ಇಳಿಸಿದೆ. ‘ಸಂತೆಕಲ್ಲೂರು’ ಎಂದು ಬರೆದ ಟೇಪು ಸಿಕ್ಕಿತು. ಹಾಕಿದರೆ ನನ್ನದೇ ಗಂಟಲು, ಹೈಬ್ರಿಡ್ ಹತ್ತಿ ಬೀಜ ಕೊಳ್ಳಿರಿ ಎಂದು ಕೂಗುತ್ತಿತ್ತು. ಖಾಲಿ ಟೇಪು ಸಿಗದ ಕಾಲದಲ್ಲಿ ಅದರ ಮೇಲೆಯೇ ಜಾಹೀರಾತು ತುಂಬಿದ್ದೆವು. ಅನುಪಮಾ ಪೂರ್ತಿ ಕೇಳಿಸಿಕೊಂಡಳು, ಎಲ್ಲಾದರೂ ಒಂದು ಚೂರು ಉಳಿದಿರಬಹುದೆಂದು. ಉಳಿದಿರಲಿಲ್ಲ.

ಅವ್ವನಿಗೆ ಇತ್ತೀಚೆಗೆ ಮರೆವು, ಹಳಬರು ಎದುರು ಕೂತರೆ ನೆನಪಾದೀತು, ಒಮ್ಮೆ ಬನ್ನಿ ಸರ್ ಎಂದಳು. ಇಲ್ಲವೆನ್ನುವ ಮುಖ ನನಗಿರಲಿಲ್ಲ. ಭಾನುವಾರ ಮಸ್ಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಂಡಿ ನೋಯುತ್ತಿತ್ತು, ಯಾಕಾದರೂ ಒಪ್ಪಿಕೊಂಡೆನೋ ಎಂದು ನನ್ನನ್ನೇ ಬೈದುಕೊಂಡೆ.

ಯಮನಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನನ್ನ ಗುರುತು ಹಿಡಿದಳು, ಏಳಲು ಹೋದಳು. ಬೇಡ, ಕೂಡ್ರು ಎಂದೆ. ಮಗಳು ಹಾಡಲು ಹೇಳಿದ್ದೇ ತಡ, ಶುರು ಮಾಡಿಬಿಟ್ಟಳು. ಒಂದು, ಎರಡು, ಮೂರು. ಎಲ್ಲಿಯೂ ತಡವರಿಸಲಿಲ್ಲ. ನಾಲ್ಕನೇ ನುಡಿಯ ಕೊನೆಯಲ್ಲಿ ದನಿಯನ್ನು ಸಣ್ಣ ಮಾಡುತ್ತ ಬಂದಳು, ಇನ್ನೂ ಸಣ್ಣ ಮಾಡಿದಳು, ಆಮೇಲೆ ಬರೀ ತುಟಿ ಅಲ್ಲಾಡಿತು. ಅಷ್ಟಕ್ಕೆ ನಿಲ್ಲಿಸಿದಳು.

ಹಾಡುವವರು ಯಾರೂ ಹಾಗೆ ನಿಲ್ಲಿಸುವುದಿಲ್ಲ. ಮುಂದಿನ ನುಡಿ ಕತ್ತರಿಸಿದ್ದು ಗೊತ್ತಾಗಬಾರದೆಂದು ಮಸ್ತಾನಸಾಬ ಕ್ಯಾಸೆಟ್ಟಿನಲ್ಲಿ ಆ ಜಾಗಕ್ಕೆ ಗುಂಡಿ ತಿರುಗಿಸಿ ದನಿ ಇಳಿಸಿದ್ದ. ಮೂವತ್ತು ವರ್ಷ ತನ್ನ ಹಾಡನ್ನು ಕ್ಯಾಸೆಟ್ಟಿನಲ್ಲಿ, ಮೊಬೈಲಿನಲ್ಲಿ ಕೇಳಿ ಕೇಳಿ ಈಕೆ ಅದನ್ನೇ ಕಲಿತಿದ್ದಳು.

"ಮುಂದ, ಅವ್ವಾ?" ಅನುಪಮಾ ಕೇಳಿದಳು.

"ಮುಂದ ಎಲ್ಲೈತಿ? ಅಲ್ಲಿಗೇ ಮುಗೀತೈತಿ ಅದು. ಸಾವ್ಕಾರ್ರನ್ನ ಕೇಳು, ಅವರ ಮಾಡಿದ್ದು."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ, ಕ್ಯಾಸೆಟ್ಟಿನಲ್ಲಿ ಟೇಪು ಸಾಲಲಿಲ್ಲ, ಅದಕ್ಕೇ ಆ ನುಡಿ ಕತ್ತರಿಸಿದೆ ಎಂದು ನನಗೆ ನಾನೇ ಹೇಳಿಕೊಂಡು ಬಂದವನು. ಸಾಲದ್ದು ನಿಜ. ಆದರೆ ಅದೇ ಹಾಡಿಗೆ ಮೊದಲು ಎರಡು ನಿಮಿಷ ಹಾರ್ಮೋನಿಯಂ ಇತ್ತು.

"ಹಾಡು ಮುಗ್ದಿದ್ದಿಲ್ಲ ಯಮನಮ್ಮಾ," ಎಂದೆ. "ನಿನ್ನ ಹೆಸರಿನ ನುಡಿ ಇತ್ತು. ಟೇಪು ಸಾಲಲಾರದಕ್ಕ ಪೇಟಿ ಕಡೀಬೇಕಿತ್ತು. ಅದು ನನ್ನ ತಮ್ಮ ಗುರುಬಸವ ಬಾರ್ಸಿದ್ದು, ಬ್ಯಾಸರ ಮಾಡ್ಕೋತಾನ ಅಂತ ನಿನ್ನ ನುಡಿ ಕಡ್ದೆ. ಕೂಲಿಗೆ ಬಂದೋರು, ಯಾರು ಕೇಳ್ತಾರ ಅಂದೆ."

ಆಕೆ ನನಗೇ ಸಮಾಧಾನ ಹೇಳಿದಳು.

"ಪೇಟಿ ಚಲೋ ಬಾರ್ಸಿದ್ರು ಬಿಡ್ರೀ ಸಾವ್ಕಾರ್ರ. ಅದನ್ನ ಹ್ಯಾಂಗ ಕಡೀತೀರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅನುಪಮಾ ನನ್ನ ಮುಖ ನೋಡಲಿಲ್ಲ, ಚಹಾ ಕುಡಿಯಿರಿ ಎಂದೂ ಹೇಳಲಿಲ್ಲ. ಒಳಗಿಂದ ಬಿಳಿ ಹಾಳೆ, ಪೆನ್ನು ತಂದು ಎದುರಿಗಿಟ್ಟಳು. ಹಾಡು ಕಟ್ಟಿದವರು ಯಮನಮ್ಮ, ಸಂತೆಕಲ್ಲೂರು, ಎಂದು ಬರೆದೆ. ಅದರ ಕೆಳಗೆ, ಕೊನೆಯ ನುಡಿ ಕತ್ತರಿಸಿದವನು ದೊಡ್ಡಬಸಪ್ಪ, ಸಿಂಧನೂರು, ಎಂದು ಬರೆದು ರುಜು ಹಾಕಿದೆ.