ಸೊಸೆಯ ಹೂಂ

ಗುಟುಕನ್ನು ನಾಲಗೆಯ ಮೇಲೆ ಒಮ್ಮೆ ಹೊರಳಿಸಿದ್ದೇ ತಡ, ಸೊಸೆಗೆ ಗೊತ್ತಾಗಿಹೋಯಿತು: ಇದರಲ್ಲಿ ಸಕ್ಕರೆ ಬೆರೆಸಿದ್ದಾರೆ. ಸ್ಟೀಲಿನ ಬಕೆಟ್ಟಿಗೆ ಉಗುಳಿ, ತುಟಿ ಒರೆಸಿಕೊಂಡು, ಬಾಟಲಿಯ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿದಳು. ಕೆರಿಬಿಯನ್ ದ್ವೀಪದ ರಮ್, ಮರದ ಪೀಪಾಯಿಯಲ್ಲಿ ಇಪ್ಪತ್ತೊಂದು ವರ್ಷ, ಎಂದಿತ್ತು. ಅಷ್ಟು ವರ್ಷ ಸೆಕೆಯ ನಾಡಿನಲ್ಲಿ ಮರದೊಳಗೆ ಕೂತ ರಮ್ ನಾಲಗೆಯ ಹಿಂಬದಿಯನ್ನು ಕಡು ಚಹಾದ ಹಾಗೆ ಹಿಡಿಯಬೇಕು. ಒಣಗಿದ ಕಿತ್ತಳೆ ಸಿಪ್ಪೆಯ, ಹಳೆಯ ಚರ್ಮದ ವಾಸನೆ ಬರಬೇಕು. ಉಗುಳಿದ ಮೇಲೂ ಒಗರು ಗಂಟಲಲ್ಲಿ ಬಹಳ ಹೊತ್ತು ನಿಲ್ಲಬೇಕು. ಇದೋ, ಕೆಮ್ಮಿನ ಔಷಧಿಯ ಹಾಗೆ ಹಲ್ಲಿಗೆ ಅಂಟಿ, ನಯವಾಗಿ ಜಾರಿ, ಅಲ್ಲಿಗೇ ಮುಗಿದುಹೋಗಿತ್ತು.

ಅಂಗೈಗೆ ಎರಡು ಹನಿ ಹಾಕಿ ಉಜ್ಜಿದ್ದರೆ ಅನುಮಾನವೇ ಉಳಿಯುತ್ತಿರಲಿಲ್ಲ. ಆರಿದ ಮೇಲೆ ಕೈ ಒಣಗಿದ್ದರೆ ಶುದ್ಧ, ಅಂಟಿದರೆ ಸಕ್ಕರೆ. ಈ ಉಪಾಯ ಕಲಿಸಿದ್ದು ಮಾವನೇ. ಆದರೆ ಅವರು ಬಾಯಿ ತೆರೆಯುವ ಮೊದಲೇ ಅವರ ಪಕ್ಕದಲ್ಲಿ ಕೂತು ಅಂಗೈ ಉಜ್ಜಿದರೆ ಅವರ ಮುಖಕ್ಕೆ ಹೊಡೆದಂತೆಯೇ. ಅವಳು ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡು ಕಾದಳು.

ಮಾವ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆಮಾಡಿದರು. ಮದ್ಯ ಬೆರೆಸಿ ಬಾಟಲಿಗೆ ತುಂಬುವ ಈ ಕಂಪನಿಯ ರುಚಿಕೋಣೆಯಲ್ಲೇ ತಲೆ ನೆರೆದವರು ಅವರು. ಬಾಟಲಿಯ ಮೇಲೆ ಅವರ ಸಹಿ ಇದ್ದರೆ ಜನ ಬೆಲೆ ಕೇಳುತ್ತಿರಲಿಲ್ಲ. ಇದು ಅವರ ಕೊನೆಯ ತೀರ್ಪು. ಈ ರಮ್ಮಿಗೆ ಸಹಿ ಹಾಕಿ ಅವರು ನಿವೃತ್ತರಾಗುವುದು, ಆ ಕುರ್ಚಿಯಲ್ಲಿ ಸೊಸೆ ಕೂರುವುದು ಎಂದು ಮಾತಾಗಿತ್ತು. ಅದಕ್ಕೇ ಇರಬೇಕು, ಎಂದೂ ಈ ಕಡೆ ತಲೆ ಹಾಕದ ಮಾಲೀಕ ಇವತ್ತು ಬೀರುವಿಗೆ ಒರಗಿ ನಗುನಗುತ್ತ ನಿಂತಿದ್ದ. ಮೇಜಿನ ಆಚೆ ಬದಿಗೆ ಮೂರನೆಯ ಪರೀಕ್ಷಕ ಕೂತಿದ್ದ. ಅವನನ್ನು ಎಲ್ಲರೂ ಸಿಡುಕ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಎದುರಿಗೆ ಬಂದದ್ದಕ್ಕೆಲ್ಲ ಮೂಗು ಮುರಿಯುವುದೇ ಅವನ ಕೆಲಸವಾದ್ದರಿಂದ ಅವನ ಅಭಿಪ್ರಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ಆಹಾ," ಎಂದರು ಮಾವ. "ಎಷ್ಟು ಮೆತ್ತಗಿದೆ ನೋಡಿ. ಮರದ ಗುಣ ಪೂರ್ತಿ ಇಳಿದಿದೆ. ಇದಕ್ಕೆ ಕಣ್ಣು ಮುಚ್ಕೊಂಡು ಸಹಿ ಹಾಕ್ತೀನಿ."

ಹೇಳಿದವರೇ ಎಂದಿನಂತೆ ಸೊಸೆಯ ಕಡೆ ನೋಡಿದರು.

ಎರಡು ವರ್ಷದ ಹಿಂದೆ ಅವರಿಗೆ ಕೆಟ್ಟ ಜ್ವರ ಬಂದುಹೋಗಿತ್ತು. ಅದಾದ ಸ್ವಲ್ಪ ದಿನಕ್ಕೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಮನೆಯೆಲ್ಲ ಕಮಟು ತುಂಬಿದರೂ ಒಲೆಯ ಪಕ್ಕದಲ್ಲೇ ಕೂತ ಮಾವ ಪೇಪರು ಓದುತ್ತಲೇ ಇದ್ದರು. "ಮೂಗು ಸ್ವಲ್ಪ ಮಂಕಾಗಿದೆ ಅನ್ಸುತ್ತೆ. ಎಲ್ಲಾದ್ರೂ ಎಡವಿದ್ರೆ ಹೇಳ್ತೀಯಲ್ಲ?" ಎಂದಿದ್ದರು ಅವರು. "ಹೇಳ್ತೀನಿ ಮಾವ" ಎಂದಿದ್ದಳು. ಹಿರಿಯರು ಇಂಥದ್ದನ್ನೆಲ್ಲ ಮಾತಿಗೆ ಹೇಳುವುದೆಂದೇ ಅವಳು ತಿಳಿದದ್ದು. ಅವರು ಮೊದಲ ಸಲ ಎಡವಿದಾಗ ಹೇಳಲೆಂದು ತಿರುಗಿದಳು ಕೂಡ. ಅವರು ಆಸೆಯಿಂದ ಅವಳ ಮುಖವನ್ನೇ ನೋಡುತ್ತಿದ್ದರು. "ಹೂಂ" ಎಂದುಬಿಟ್ಟಳು. ಆಮೇಲೆ ಪ್ರತಿ ಸಲವೂ ಹೂಂ. ಹಾಗೆನ್ನಲು ಬಾಯಿಯನ್ನೂ ತೆರೆಯಬೇಕಿಲ್ಲವಲ್ಲ. ಅವರು ಮನೆಗೆ ಹೋದ ಮೇಲೆ ಕೆಳಗಿನ ಗೋದಾಮಿಗಿಳಿದು, ಯಾರಿಗೂ ತಿಳಿಯದ ಹಾಗೆ ಮಿಶ್ರಣ ಸರಿಮಾಡಿ ಬರುತ್ತಿದ್ದಳು. ಒಂದೆರಡು ಸಲ ಮಾತ್ರ ಕೈಮೀರಿ, ಕೆಟ್ಟ ಸರಕು ಹಾಗೇ ಹೊರಗೆ ಹೋಗಿತ್ತು.

"ಹೂಂ," ಎಂದಳು ಈಗಲೂ.

ಸಿಡುಕ ಎರಡೂ ಅಂಗೈಗಳನ್ನು ಪರಪರ ಉಜ್ಜುತ್ತಿದ್ದ. "ಇಪ್ಪತ್ತೊಂದೂ ಇಲ್ಲ, ಗಿಪ್ಪತ್ತೊಂದೂ ಇಲ್ಲ. ಎಳೇ ಸರಕಿಗೆ ಸಕ್ಕರೆ ಸುರಿದಿದ್ದಾರೆ. ಬೇಕಾದ್ರೆ ನನ್ನ ಕೈ ಕುಲುಕಿ, ಬಿಡಿಸ್ಕೊಳ್ಳೋಕೆ ಆಗಲ್ಲ ನಿಮಗೆ."

ಮಾವ ನಕ್ಕರು. "ಇವನಿಗೆ ಇದುವರೆಗೂ ಯಾವ್ದು ತಾನೆ ಹಿಡಿಸಿದೆ? ಇಬ್ಬರು ಸರಿ ಅಂದ್ವಿ, ಮುಗೀತು. ಪೆನ್ನು ಕೊಡಿ."

ಮಾಲೀಕ ಪೆನ್ನು ಕೊಡಲಿಲ್ಲ. ಬೀರುವಿನಿಂದ ಇನ್ನೊಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟ. "ನಿಜವಾದ್ದು ಇದು," ಎಂದ, ನಗು ಮಾಸದೆ. "ನೀವು ನೋಡಿದ್ದು ಐದು ವರ್ಷದ್ದು. ಬಣ್ಣ, ಸಕ್ಕರೆ ನಾನೇ ಹಾಕಿಸ್ದೆ. ತಪ್ಪು ತಿಳ್ಕೋಬೇಡಿ, ದೊಡ್ಡವ್ರು ನೀವು. ಆದ್ರೆ ದೂರು ಬಂದಿತ್ತು, ನೋಡ್ಲೇಬೇಕಾಗಿತ್ತು." ಸೊಸೆಯ ಕಡೆ ತಿರುಗಿದ. "ನಿಮ್ಮ ಮೇಲೆ ಅನುಮಾನ ಇರ್ಲಿಲ್ಲಮ್ಮ. ಈ ಕುರ್ಚಿ ನಿಮಗೇ ಅಂತಿದ್ದೆ. ಈಗ ಹೇಗೆ ಕೊಡ್ಲಿ, ನೀವೇ ಹೇಳಿ."

ಅವಳು ಏನು ಹೇಳಬೇಕಿತ್ತು? ಗೊತ್ತಿತ್ತು ಎಂದರೆ ಸುಳ್ಳಿ, ಗೊತ್ತಿರಲಿಲ್ಲ ಎಂದರೆ ಕೆಲಸಕ್ಕೆ ಬಾರದವಳು.

"ಅವಳ ನಾಲಗೆ ತಪ್ಪಲ್ಲ," ಎಂದರು ಮಾವ ಗಟ್ಟಿಯಾಗಿ. "ನಾನು ತಿದ್ದಿ ತೀಡಿದ ನಾಲಗೆ ಅದು. ನಿಮ್ಮ ಬಾಟಲಿ ಅದಲುಬದಲಾಗಿದೆ. ಇನ್ನೊಂದ್ಸಲ ನೋಡ್ಕೊಳ್ಳಿ."

ಸಿಡುಕ ತಾನಾಗಿ ಎದ್ದು ಹೊಸ ಬಾಟಲಿಯಿಂದ ಮೂವರಿಗೂ ಸುರಿದ. ಒಂದು ಗುಟುಕು ತೆಗೆದುಕೊಂಡು "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಆ ಕೋಣೆ ಅಂಥ ಹೊಗಳಿಕೆಯನ್ನು ಕೇಳಿದ್ದು ಅದೇ ಮೊದಲು. ಸೊಸೆಯೂ ಗುಟುಕರಿಸಿದಳು. ಸುಟ್ಟ ಕಟ್ಟಿಗೆ, ಕಿತ್ತಳೆ ಸಿಪ್ಪೆ, ಆಮೇಲೆ ಬಾಯಿಯನ್ನೆಲ್ಲ ಬಿಗಿಹಿಡಿಯುವ ಒಗರು. ಇಷ್ಟು ವರ್ಷಗಳಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ, ಮತ್ತು ಇದು ಹೇಗಿದೆ ಎಂದು ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಅವಳಿಗೆ ಅಳು ಬಂತು. ಮಾವ ತಮ್ಮ ಗುಟುಕನ್ನು ಬಾಯಲ್ಲಿಟ್ಟುಕೊಂಡೇ ಅವಳ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಅವರು ನಿಧಾನವಾಗಿ ಬಗ್ಗಿ ಬಕೆಟ್ಟಿಗೆ ಉಗುಳಿದರು.

ಹೊರಗೆ, ಕೈ ತೊಳೆಯುವ ನಲ್ಲಿಯ ಹತ್ತಿರ, ಮಾವ ಅವಳು ಬರುವುದನ್ನೇ ಕಾಯುತ್ತ ನಿಂತಿದ್ದರು.

"ನಿನಗೆ ಗೊತ್ತಾಗಿತ್ತಾ?"

"ಹೂಂ."

"ಮೊದಲನೇ ಗುಟುಕಿಗೇ?"

"ಹೂಂ."

"ಇವತ್ತೊಂದೇ ದಿನ ತಾನೆ ಹೀಗಾಗಿದ್ದು?"

ಮಾವ ನಲ್ಲಿಯನ್ನು ತಿರುಗಿಸಿ, ಮತ್ತೆ ನಿಲ್ಲಿಸಿದರು.

"ನಿಮಗೆ ನೋವಾಗ್ಬಾರ್ದು ಅಂತ..." ಎಂದಳು.

"ಒಂದೊಂದು ದಿನ ರುಚಿ ಬರುತ್ತೆ, ಒಂದೊಂದು ದಿನ ಏನೂ ಇಲ್ಲ. ಯಾವತ್ತಿದೆ, ಯಾವತ್ತಿಲ್ಲ ಅಂತ ನನಗೇ ತಿಳೀತಿರ್ಲಿಲ್ಲ. ಅದಕ್ಕೇ ಹೇಳಿದ ತಕ್ಷಣ ನಿನ್ನ ಮುಖ ನೋಡ್ತಿದ್ದೆ. ನೀನು ಒಂದೇ ಒಂದ್ಸಲ ಇಲ್ಲ ಅಂದಿದ್ರೆ ಅವತ್ತೇ ಎದ್ದು ಮನೆಗೆ ಹೋಗ್ತಿದ್ದೆ, ಮರ್ಯಾದೆಯಾಗಿ. ನೀನು ಹೂಂ ಅಂದಾಗಲೆಲ್ಲ, ಇನ್ನೂ ಇದೆ, ಇನ್ನೂ ಇದೆ ಅಂದ್ಕೊಂಡೆ." ಅವರ ದನಿ ಏರಲೇ ಇಲ್ಲ. ಕೂಗಾಡಿದ್ದರೆ, ನಾಲ್ಕು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡಿದ್ದು ಯಾತಕ್ಕೆ ಅಂದ್ಕೊಂಡಿದ್ದೆ ನೀನು?"

ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಮನೆಗೆ ಬಂದರು. ದಾರಿಯುದ್ದಕ್ಕೂ ಮಾವ ಕಿಟಕಿಯಾಚೆ ನೋಡುತ್ತಿದ್ದರು.

ಮಧ್ಯಾಹ್ನದ ಊಟಕ್ಕೆ ಅವಳ ಗಂಡನೂ ಬಂದ. ಅವನದು ಬೀದಿಯ ಕೊನೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಅಪ್ಪನ ಮೂಗಾಗಲಿ ನಾಲಗೆಯಾಗಲಿ ಅವನಿಗೆ ಬಂದಿರಲಿಲ್ಲ. ಏನು ಬಡಿಸಿದರೂ ತಿಂದು, ಕೈ ತೊಳೆದು ಹೋಗುವ ಆಸಾಮಿ. ಅಪ್ಪ, ಹೆಂಡತಿ ಇಬ್ಬರೂ ಇಷ್ಟು ಬೇಗ ಬಂದಿರುವುದನ್ನು ಕಂಡು, "ಏನು, ಇವತ್ತು ಉಗುಳೋಕೆ ರಜಾನಾ?" ಎಂದು ಕಾಲೆಳೆದ. ಯಾರೂ ನಗದಿದ್ದರಿಂದ ತಟ್ಟೆಯ ಮುಂದೆ ಕೂತ. ಅವಳು ತರಾತುರಿಯಲ್ಲಿ ಮಾಡಿದ ಅಡುಗೆಯನ್ನು ಇಬ್ಬರಿಗೂ ಬಡಿಸಿ, ತಾನೂ ಬಡಿಸಿಕೊಂಡಳು.

"ಉಪ್ಪು ಸರಿಯಾಗಿದೆಯಾ ಮಾವ?"

ಮಾವ ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದರು. ಅವಳ ಕಡೆ ನೋಡದೆ ಮಗನಿಗೆ ಹೇಳಿದರು: "ನೀನು ಹೇಳು."

"ನಾನಾ?" ಮಗ ನಕ್ಕ. "ಸರಿಯಾಗೇ ಇದೆಯಲ್ಲಪ್ಪ."

ಮಾವ ತಲೆದೂಗಿದರು. ಅವಳು ತನ್ನ ತಟ್ಟೆಯಿಂದ ಒಂದು ತುತ್ತು ತೆಗೆದುಕೊಂಡಳು. ಅದಕ್ಕೆ ಉಪ್ಪೇ ಬಿದ್ದಿರಲಿಲ್ಲ.

"ಇಲ್ಲ ಮಾವ, ಉಪ್ಪು ಹಾಕೋದೇ ಮರೆತಿದ್ದೀನಿ," ಎಂದಳು.

ಮಾವ ಕೇಳಿಸದವರಂತೆ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡರು.