ಎಣಿಕೆ ತಪ್ಪಿದ ನೂರು ಅಡಿ

ಕಬ್ಬಿಣದ ಸರಳು ಮೂರನೆಯ ಸಲವೂ ಠಣ್ ಎಂದಾಗ ಕೊರಿನ್ ಡೇಗಲ್ ಅದನ್ನು ಪಕ್ಕಕ್ಕೆ ಎಸೆದು ಮಂಡಿಯೂರಿದಳು. ಬೇರಿಗೆ ತಾಗಿದರೆ ಸರಳು ಅಂಥ ಸದ್ದು ಮಾಡುವುದಿಲ್ಲ. ಎರಡೂ ಕೈಯಿಂದ ಕೆಸರು ಬಾಚಿದಳು. ಮೊಣಕೈ ಆಳದಲ್ಲಿ ಕಲ್ಲಿನ ತಲೆ ಸಿಕ್ಕಿತು, ತಲೆಯ ಮೇಲೆ ಉಳಿಯಲ್ಲಿ ಕೊರೆದ ಶಿಲುಬೆಯಂಥ ಗುರುತು. ಬುಡಕ್ಕೆ ಬೆರಳು ತೂರಿಸಿದರೆ ಇದ್ದಿಲ ಚೂರುಗಳು ಬಂದವು. ನೂರೈವತ್ತು ವರ್ಷದ ಹಿಂದೆ ಮೇಯ್ನ್ ಸೀಮೆಯ ಈ ಕಾಡನ್ನು ಅಳೆದವನು ತನ್ನ ಪುಸ್ತಕದಲ್ಲಿ ಬರೆದಿಟ್ಟದ್ದೂ ಅದನ್ನೇ: ಮೂಲೆಗೆ ಬಾಂದುಕಲ್ಲು, ಕಲ್ಲಿನಡಿ ಇದ್ದಿಲು. ಇದ್ದಿಲು ಕೊಳೆಯುವುದಿಲ್ಲ, ಅದನ್ನು ಯಾರೂ ಕದಿಯುವುದೂ ಇಲ್ಲ.

ಅಳೆಯುವವರ ಜೀವನದಲ್ಲಿ ಇಂಥ ದಿನ ಎಷ್ಟು ಬಂದಾವು? ಆದರೆ ಕೊರಿನ್ ತಲೆಯೆತ್ತಿ ಕಾಡಿನ ಆಚೆ ಬದಿಗೆ ನೋಡಿದಳು. ಈ ಮೂಲೆಗೆಂದು ನೆಟ್ಟ ಕಬ್ಬಿಣದ ಕೊಳವೆ ಇಲ್ಲಿರಲಿಲ್ಲ, ನೂರು ಅಡಿ ಆಚೆ ಇತ್ತು. ಅದನ್ನು ಅಲ್ಲಿ ನೆಟ್ಟವರು ಲಿಯನೆಲ್ ಸಿರ್, ಅವಳ ಮೇಷ್ಟ್ರು.

ಏಳು ವರ್ಷ ಆಲೂಗಡ್ಡೆ ಗೋದಾಮಿನಲ್ಲಿ ಕೊಳೆತದ್ದು ಬೇರೆ, ಒಳ್ಳೆಯದು ಬೇರೆ ಮಾಡುತ್ತಿದ್ದವಳನ್ನು ಮನುಷ್ಯಳನ್ನಾಗಿ ಮಾಡಿದವರು ಅವರು. ಅಗ್ನಿಶಾಮಕ ಠಾಣೆಯ ಮಹಡಿಯ ಮೇಲಿದ್ದ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಹೊತ್ತು ಮೋಜಣಿ ಪಾಠ ಹೇಳುತ್ತಿದ್ದರು. ಎರಡು ವರ್ಷ ಮುಗಿದ ಮೇಲೆ, "ಇಲ್ಲಿಗೆ ನಿಲ್ಸಿದ್ರೆ ಜೀವಮಾನ ಇನ್ನೊಬ್ರಿಗೆ ಕೋಲು ಹಿಡ್ಕೊಂಡು ನಿಂತಿರ್ತೀಯ, ಹೋಗು" ಎಂದು ವಿಶ್ವವಿದ್ಯಾಲಯಕ್ಕೆ ಅಟ್ಟಿದರು. ಅಲ್ಲಿ, ಅವಳು ಈಗಾಗಲೇ ಪಾಸಾಗಿದ್ದ ಎರಡು ವಿಷಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಾಗ ಮದುವೆ ಕೋಟು ತೊಟ್ಟು, ಮೂರು ಗಂಟೆ ಗಾಡಿ ಓಡಿಸಿಕೊಂಡು ಬಂದು, ಅವಳ ಅಳತೆ ಪುಸ್ತಕಗಳನ್ನೆಲ್ಲ ಕಚೇರಿಯ ಮೇಜಿನ ಮೇಲೆ ಹರಡಿ ಕೂತುಬಿಟ್ಟರು. ಒಪ್ಪಿಸಿಯೇ ಎದ್ದರು.

ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಕೂತು ಕೊರಿನ್ ಭೂಗೋಳ ಓದಿದಳು, ಉಪಗ್ರಹದಿಂದ ಅಳೆಯುವುದನ್ನು ಕಲಿತಳು. ರಜೆಯಲ್ಲಿ ಹೋದಾಗಲೆಲ್ಲ ಮೇಷ್ಟ್ರು ಕಾಲೆಳೆಯುತ್ತಿದ್ದರು: "ಭೂಗೋಳ ಅಂದ್ರೆ ಏನು, ಬೂಟು ಒದ್ದೆ ಮಾಡ್ಕೊಳ್ದೆ ಅಳೆಯೋದಾ?" ಕೊನೆಯ ವರ್ಷದ ಕೆಲಸಕ್ಕೆ ಒಂದು ಹಳೆಯ ಗಡಿಯನ್ನು ಹೊಸದಾಗಿ ಅಳೆದು ತೋರಿಸಬೇಕಿತ್ತು. ತನ್ನೂರಿನ ಗೆರೆಯನ್ನೇ ಆರಿಸಿಕೊಂಡಳು, ಅದೂ ಮೇಷ್ಟ್ರು ಎಳೆದ ಗೆರೆಯನ್ನು. ಗೌರವ ಸಲ್ಲಿಸೋಣ ಎಂದುಕೊಂಡಿದ್ದಳು, ಪಾಪ. ಬರುವ ಶುಕ್ರವಾರ ಸಭಾಂಗಣದಲ್ಲಿ ಅದನ್ನು ಒಪ್ಪಿಸಬೇಕು, ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂರಬೇಕು ಎಂದು ತಿಂಗಳ ಹಿಂದೆಯೇ ಮಾತಾಗಿತ್ತು.

ಆ ಗೆರೆಗೊಂದು ಜಗಳ ಅಂಟಿಕೊಂಡಿತ್ತು. ನಲವತ್ತು ವರ್ಷದ ಹಿಂದೆ ಪಕ್ಕದ ಜಮೀನಿನವರು ಗಡಿಯ ದಾವೆ ಹೂಡಿ ಹದ್ದುಬಸ್ತಿಗೆ ಲಿಯನೆಲ್‌ರನ್ನು ಕರೆಸಿದ್ದರು. ಕೊಳವೆ ನೆಟ್ಟ ಜಾಗ ನೋಡಿ ಆರ್ಮಾಂಡ್ ತೆರಿಯೋ ಎಂಬ ರೈತ, ಇದಲ್ಲ, ನನ್ನಪ್ಪ ತೋರಿಸಿದ ಕಲ್ಲು ಇನ್ನೂ ಈಚೆಗಿದೆ, ಕೆರೆ ನೀರಿನ ಕೆಳಗಿದೆ ಎಂದ. ಆಗ ಬೀವರ್ ಎಂಬ ನೀರುಪ್ರಾಣಿಗಳು ಮರ ಕಡಿದು ತೊರೆಗೆ ಒಡ್ಡು ಕಟ್ಟಿ ಆ ತಗ್ಗನ್ನೆಲ್ಲ ಕೆರೆ ಮಾಡಿದ್ದವು. ನ್ಯಾಯಾಲಯ ಲಿಯನೆಲ್‌ರ ನಕ್ಷೆಯನ್ನು ನಂಬಿತು. ನೂರಡಿ ಅಗಲದ ಆ ಪಟ್ಟಿಯಲ್ಲಿ ಆರ್ಮಾಂಡನ ಅಪ್ಪನ ಕಾಲದಿಂದ ಸಿಹಿಪಾಕಕ್ಕೆ ರಸ ಇಳಿಸುತ್ತಿದ್ದ ಮೇಪಲ್ ಮರಗಳಿದ್ದವು. ಮುಂದಿನ ಚಳಿಗಾಲ ಕಳೆಯುವುದರೊಳಗೆ ಪಕ್ಕದವರು ಅವನ್ನು ಕಡಿದು ಸಾಗಿಸಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಊರು ಅವನಿಗೆ 'ನೀರುಗಲ್ಲು ಆರ್ಮಾಂಡ್' ಎಂದು ಹೆಸರಿಟ್ಟಿತು. ಚಿಕ್ಕವಳಾಗಿದ್ದಾಗ ಕೊರಿನ್ ಕೂಡ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಹಾಗೆ ಕೂಗಿದ್ದುಂಟು.

ಈಗ ಒಡ್ಡು ಒಡೆದು ಕೆರೆ ಹೋಗಿ ಹುಲ್ಲು ಬೆಳೆದಿತ್ತು. ಕಲ್ಲು ಅವಳ ಮುಂದೆ ಇತ್ತು.

ಅವಳು ಕೆಸರನ್ನು ತಿರುಗಿ ಅದರ ಮೇಲೆ ಎಳೆದಳು. ಹುಲ್ಲಿನ ಹೆಂಟೆ ಇಟ್ಟು ಬೂಟಿನಲ್ಲಿ ಒತ್ತಿದಳು. ಪುಸ್ತಕದಲ್ಲಿ 'ಕೊಳವೆ ಸಿಕ್ಕಿತು' ಎಂದಷ್ಟೇ ಬರೆದರೆ ಕೇಳುವವರು ಯಾರು? ಆದರೆ ಗಾಡಿ ಹತ್ತಿದ ಮೇಲೆ ಅದು ನೇರ ಮೇಷ್ಟ್ರ ಮನೆಯ ದಾರಿಯನ್ನೇ ಹಿಡಿಯಿತು.

ಮೇಷ್ಟ್ರ ಹೆಂಡತಿ ಯೂಲಾ ಬಕ್‌ವೀಟ್ ಹಿಟ್ಟಿನ ಪ್ಲೊಯ್ ದೋಸೆ ಹುಯ್ಯುತ್ತಿದ್ದರು. "ಬಂದ್ಯಾ, ಕೂತ್ಕೋ, ಬಿಸಿ ಇದೆ" ಎಂದು ತಟ್ಟೆ ಇಟ್ಟರು. ಮೇಷ್ಟ್ರು ಮಾತ್ರ ಅವಳ ತೋಳು ನೋಡಿದರು. ಕೆಸರು ಮೊಣಕೈವರೆಗೆ ಒಣಗಿತ್ತು.

"ಎಲ್ಲಿ ತೋಡ್ದೆ?"

"ಬೀವರ್ ತಗ್ಗಲ್ಲಿ ಮೇಷ್ಟ್ರೇ."

ಅವರು ಬೆಣ್ಣೆ ಚಾಕು ಕೆಳಗಿಟ್ಟರು. "ರಸ್ತೆಯಿಂದ ಎಷ್ಟಿದೆ?"

"ಎರಡು ಸಾವಿರದ ಆರ್ನೂರ ನಲವತ್ತಡಿ, ಮೇಲೆ ಎಂಟು ಅಂಗುಲ. ಹಳೇ ಪತ್ರದಲ್ಲಿ ಸರಿಯಾಗಿ ನಲವತ್ತು."

"ನನ್ ಕೊಳವೆ?"

"ನೂರಡಿ ಆಚೆ."

ಒಂದು ಟೇಪಿನಷ್ಟು. ಆಗ ಅಳೆಯುತ್ತಿದ್ದದ್ದು ನೂರು ಅಡಿಯ ಉಕ್ಕಿನ ಟೇಪಿನಲ್ಲಿ. ಮುಂದಿನವನು ನೂರಡಿಗೊಂದು ಕಬ್ಬಿಣದ ಕಡ್ಡಿ ಚುಚ್ಚುತ್ತಾ ಹೋಗುತ್ತಾನೆ, ಹಿಂದಿನವನು ಕಿತ್ತು ಕೈಯಲ್ಲಿ ಸೇರಿಸಿಕೊಳ್ಳುತ್ತಾ ಬರುತ್ತಾನೆ. ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ನೂರು. ಕಟ್ಟಿಗೆ ಹನ್ನೊಂದೇ ಕಡ್ಡಿ, ಕೈಯಲ್ಲಿ ಹತ್ತು ಸೇರಿದಾಗಲೆಲ್ಲ ಒಂದು ಸಾವಿರ ಎಂದು ಬರೆದುಕೊಂಡು ಅವನ್ನು ಮುಂದಿನವನಿಗೆ ಮರಳಿಸುತ್ತಾನೆ. ಒಂದು ಕಡ್ಡಿ ಹಿಮದಲ್ಲಿ ಕಳೆದುಹೋದರೆ ನಡೆದ ನೂರಡಿ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಅಷ್ಟನ್ನೇ ಇನ್ನೊಮ್ಮೆ ಮುಂದಕ್ಕೆ ಅಳೆದುಬಿಡುತ್ತಾರೆ. ಇದು ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಹಿಂದುಗಡೆ ಯಾರಿದ್ರು?" ಕೊರಿನ್ ಕೇಳಿದಳು. ಬೇರೆ ಯಾರದಾದರೂ ಹೆಸರು ಬರಲಿ ಎಂದು ಅವಳಿಗೆ ಆಸೆ.

"ರೋಮೆಯೊ. ಸತ್ತು ಹನ್ನೆರಡು ವರ್ಷ ಆಯ್ತು. ಅವನ ತಲೆ ಮೇಲೆ ಹಾಕ್ಬೋದು, ಪಾಪ, ಎದ್ ಬಂದು ಇಲ್ಲ ಅನ್ನೋಕಾಗಲ್ಲ." ಮೇಷ್ಟ್ರು ಒಲೆಯ ಕಡೆ ಒಮ್ಮೆ ನೋಡಿದರು. "ಆದ್ರೆ ಸಂಜೆ ಗಾಡಿ ಹಿಂದೆ ನಿಂತು ಕಡ್ಡಿ ಎಣಿಸಿದ್ದು ನಾನು. ಹನ್ನೊಂದಿರ್ಬೇಕಿತ್ತು. ಹತ್ತಿತ್ತು."

ಯೂಲಾ ಹಿಟ್ಟಿನ ಸೌಟು ಹಿಡಿದುಕೊಂಡೇ ಈ ಕಡೆ ತಿರುಗಿದರು. ಅವರೂ ಇದನ್ನು ಕೇಳಿದ್ದು ಅದೇ ಮೊದಲು.

"ವಾಪಸ್ ಬರೋವಾಗ ಎಲ್ಲೋ ಬಿದ್ದಿರುತ್ತೆ ಅಂತ ನಂಗೆ ನಾನೇ ಹೇಳ್ಕೊಂಡೆ. ಮೊಣಕಾಲುದ್ದ ಹಿಮ, ನಾಡಿದ್ದು ಕೋರ್ಟು. ಇಪ್ಪತ್ತೆಂಟು ವಯಸ್ಸು, ಲೈಸೆನ್ಸ್ ಬಂದು ಆರು ತಿಂಗ್ಳು. ಇನ್ನೊಂದ್ಸಲ ಅಳೀಬೇಕು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಆಮೇಲೆ ಮರ ಕಡಿದ್ರು. ಕಡಿದ್ಮೇಲೆ ಏನ್ ಹೇಳೋದು?"

ಕನಿಕರ ಬರುತ್ತದೆ ಎಂದುಕೊಂಡಿದ್ದ ಕೊರಿನ್‌ಗೆ ಸಿಟ್ಟು ಬಂತು. ತಪ್ಪಾದದ್ದಕ್ಕಲ್ಲ, ತಪ್ಪು ಯಾರಿಗೆ ಆಗುವುದಿಲ್ಲ? ಗೊತ್ತಿದ್ದೂ ಸುಮ್ಮನಿದ್ದರಲ್ಲ ಎಂದು. ಆ ಮನುಷ್ಯನನ್ನು ತಾನೂ ಕೂಗಿ ಅಣಕಿಸಿದ್ದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

"ನಾನು ಕಲ್ಲು ತಿರ್ಗಾ ಮುಚ್ಚಿ ಬಂದೆ. ನಿಮಗೋಸ್ಕರ," ಎಂದಳು.

ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನನ್ನಿಂದ ನೀನು ಕಲ್ತಿದ್ದು ಅದೊಂದೇ ಆಗೋದು ಬೇಡ," ಎಂದರು. "ಪುಸ್ತಕ ತೆಗಿ. ಇಲ್ಲೇ ಬರಿ. ಕಲ್ಲು ಸಿಕ್ಕಿದ್ದು, ಇದ್ದಿಲು, ಅಳತೆ, ಎಲ್ಲಾನೂ. ಕೊಳವೆ ನೆಟ್ಟೋನು ಲಿಯನೆಲ್ ಸಿರ್ ಅಂತ ಪೂರ್ತಿ ಹೆಸರು ಹಾಕು. ಶುಕ್ರವಾರ ನಾನು ಬರ್ತೀನಿ, ಮುಂದಿನ ಸಾಲಲ್ಲೇ ಕೂರ್ತೀನಿ. ಹೆಸರು ಓದೋವಾಗ ನೀನು ತಲೆ ತಗ್ಗಿಸ್ಬಾರ್ದು."

ಅವಳು ಬರೆದಳು. ಬರೆಯುವಷ್ಟು ಹೊತ್ತೂ ಮೇಷ್ಟ್ರು ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಯೂಲಾ ಬಂದು ಹಾಕಿದರು. "ನಡಿ, ಆರ್ಮಾಂಡ್ ಮನೆಗೆ ಹೋಗ್ಬರೋಣ," ಎಂದರು ಮೇಷ್ಟ್ರು.

ಆರ್ಮಾಂಡ್ ತೆರಿಯೋ ಜಗುಲಿಯ ಮೇಲೆ ಚಳಿಗಾಲದ ಸೌದೆ ಒಟ್ಟುತ್ತಿದ್ದ. ವಯಸ್ಸು ಎಂಬತ್ನಾಲ್ಕು. ಬಂದವರನ್ನು ಕಂಡೂ ಕೈ ನಿಲ್ಲಿಸಲಿಲ್ಲ. ಲಿಯನೆಲ್ ಮೆಟ್ಟಿಲ ಕೆಳಗೇ ನಿಂತು ಟೋಪಿ ತೆಗೆದರು.

"ಆರ್ಮಾಂಡ್, ಕಲ್ಲು ಸಿಕ್ತು. ಈ ಹುಡುಗಿ ಹುಡುಕಿದ್ಲು. ನೀವು ಹೇಳಿದ್ ಕಡೆನೇ ಇದೆ."

ಮುದುಕ ಒಂದು ಕೊರಡು ಇಟ್ಟ, ಅದರ ಮೇಲೆ ಇನ್ನೊಂದು ಇಟ್ಟ.

"ತಪ್ಪು ನಂದು. ಎಣಿಕೇಲಿ ಒಂದು ಕಡ್ಡಿ ಕಮ್ಮಿ ಬಂದಿತ್ತು. ಅವತ್ತೇ ಗೊತ್ತಿತ್ತು, ಹೇಳ್ಲಿಲ್ಲ. ಇನ್ಮೇಲೆ ಕೇಳ್ದೋರಿಗೆಲ್ಲ ಹೇಳ್ತೀನಿ. ಕೋರ್ಟಲ್ಲೂ ಬರ್ದು ಕೊಡ್ತೀನಿ."

"ಯಾರು ಕೇಳ್ತಾರೆ ಈಗ?" ಆರ್ಮಾಂಡ್ ಅಂದ. ದನಿಯಲ್ಲಿ ಬಿಸಿ ಇರಲಿಲ್ಲ. "ಊರೋರು ನಕ್ಕಿದ್ದು ಬಿಡು, ಊರಿಗೆ ನಗೋಕೆ ಯಾರಾದ್ರೂ ಒಬ್ರು ಬೇಕು. ಕೋರ್ಟಿಂದ ಬರ್ತಾ ಗಾಡೀಲಿ ಬ್ಲಾಂಚ್ ಕೇಳಿದ್ಲು, ಯಾಕ್ರೀ ಅಷ್ಟು ಜನದ ಮುಂದೆ ಸುಳ್ಳು ಹೇಳಿದ್ರಿ ಅಂತ. ಕಟ್ಕೊಂಡೋಳು. ಇಲ್ಲ ಕಣೇ ಅಂದೆ. ಆಮೇಲೆ ಮೂವತ್ನಾಲ್ಕು ವರ್ಷ ಅವಳು ಆ ಮಾತೇ ಎತ್ಲಿಲ್ಲ. ಎತ್ತಿದ್ರೂ ಚೆನ್ನಾಗಿರೋದು, ಜಗಳ ಆದ್ರೂ ಆಡ್ಬೋದಿತ್ತು. ಹೋಗಿ ಆರು ವರ್ಷ ಆಯ್ತು."



"ನಡೀರಿ," ಎಂದು ಮುದುಕ ಕೋಲು ತೆಗೆದುಕೊಂಡ. "ತೋರ್ಸಿ."

ಕಾಡಿನ ಹಾದಿಯಲ್ಲಿ ಮೂವರೂ ನಿಧಾನವಾಗಿ ನಡೆದರು. ತಗ್ಗಿನ ಹುಲ್ಲು ಆಗಲೇ ಕೆಂಪಾಗಿತ್ತು. ಕೊರಿನ್ ಹೆಂಟೆ ಎತ್ತಿ, ತಾನು ಮುಚ್ಚಿದ್ದ ಕೆಸರನ್ನೆಲ್ಲ ತಾನೇ ತೆಗೆದಳು. ಆರ್ಮಾಂಡ್ ಕೋಲು ಊರಿ ಒಂದೊಂದೇ ಮಂಡಿ ಮಡಿಚಿ ಕೂತ. ಶಿಲುಬೆ ಗುರುತಿನ ಸಂದಿಯಲ್ಲಿ ಸಿಕ್ಕಿಕೊಂಡ ಮಣ್ಣನ್ನು ಹೆಬ್ಬೆರಳ ಉಗುರಿನಿಂದ ಕೆರೆದು ಕೆರೆದು ತೆಗೆದ. ಕೆರೆಯುವುದು ಮುಗಿದ ಮೇಲೂ ಕೈಯನ್ನು ಕಲ್ಲಿನ ಮೇಲೇ ಇಟ್ಟುಕೊಂಡಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಏಳಲು ನೋಡಿದ. ಕೋಲು ಕೆಸರಿನಲ್ಲಿ ಜಾರಿತು. ಪಕ್ಕದಲ್ಲೇ ಇದ್ದ ಲಿಯನೆಲ್ ಬಗ್ಗಿ ಕೈ ಚಾಚಿದರು. ಆರ್ಮಾಂಡ್ ಆ ಕೈಯನ್ನು ನೋಡಿದ. ನೋಡಿ, ಆರು ಹೆಜ್ಜೆ ದೂರದಲ್ಲಿದ್ದ ಕೊರಿನ್ ಕಡೆ ತಿರುಗಿ, "ಮಗಾ, ನೀನು ಬಾ ಸ್ವಲ್ಪ" ಎಂದ.

ಅವಳು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಇಬ್ಬರೂ ಹಾದಿಯ ಕಡೆ ತಿರುಗಿದಾಗ ಲಿಯನೆಲ್ ಕಲ್ಲಿನ ಪಕ್ಕ ಇನ್ನೂ ಬಗ್ಗಿಯೇ ನಿಂತಿದ್ದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.