ಇಳಿಯುತ್ತೆ ಅಂದದ್ದು

ನಮ್ಮ ಭಟ್ಟಿಯ ಗೋಡೆಗಳಲ್ಲಿ ಎದುರುಬದುರಾಗಿ ಎರಡು ಕಿಂಡಿಗಳಿದ್ದವು. ಒಂದಕ್ಕೆ ಕಣ್ಣಿಟ್ಟರೆ ಒಳಗಿನ ನೀಲಿ ಉರಿ ಕಾಣುತ್ತಿತ್ತು. ಸಾಲಾಗಿ ಜೋಡಿಸಿದ ಭರಣಿಗಳು ಅಡ್ಡ ಇರುತ್ತಿದ್ದುದರಿಂದ ಆಚೆಯ ಕಿಂಡಿ ಯಾವತ್ತೂ ಕಾಣುತ್ತಿರಲಿಲ್ಲ. ಉಪ್ಪಿನಕಾಯಿ ಭರಣಿ ಸುಡುವ ಊರು ನಮ್ಮದು. ಆ ನೀಲಿಯನ್ನು ನೋಡಿಯೇ ಪೈಪಿನಲ್ಲಿ ಗ್ಯಾಸಿನ ಒತ್ತಡ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದೆವು.

ಅಪ್ಪ ಹೋದ ಮೇಲೆ ಭಟ್ಟಿ ನನ್ನ ಪಾಲಿಗೆ ಬಂತು. ಅದನ್ನು ಹೊತ್ತಿಸುವ ಕೈ ಮಾತ್ರ ಮನೆಯ ಅಳಿಯನದೇ ಆಗಬೇಕೆಂಬುದು ನಮ್ಮ ಪದ್ಧತಿ. ಹಾಗಾಗಿ ಪಾರ್ವತಕ್ಕನ ಗಂಡ ರುದ್ರೇಶ ಭಾವ ಪ್ರತಿ ಸಲವೂ ಬಂದು ಹೊತ್ತಿಸಿಕೊಡುತ್ತಿದ್ದರು. ಗ್ಯಾಸ್ ಕಂಪನಿಯ ಆಫೀಸಿನಲ್ಲಿದ್ದ ಅವರನ್ನು ಊರಿಗೆ ಊರೇ ದರದ ಭವಿಷ್ಯ ಕೇಳುತ್ತಿತ್ತು. ನಾನಂತೂ ಅವರ ಮಾತಿಗೆ ಎದುರಾಡಿದವಳೇ ಅಲ್ಲ.

ಆ ಚಳಿಗಾಲ ದರ ಏರುತ್ತಲೇ ಹೋಯಿತು. ಹಿಮ ಬೀಳುವ ದೇಶಗಳಲ್ಲಿ ಮನೆ ಬೆಚ್ಚಗಿಡಲು ಬೇಡಿಕೆ ಹೆಚ್ಚಿದೆ, ನಮ್ಮ ಕಡೆ ಬರಬೇಕಾದ ಹಡಗುಗಳು ಅತ್ತ ತಿರುಗಿವೆ ಎಂದು ಭಾವ ಬಿಡಿಸಿ ಹೇಳಿದರು. ಕಂಪನಿ ಇಡೀ ವರ್ಷಕ್ಕೆ ಒಂದೇ ದರದ ಕರಾರನ್ನು ಮುಂದಿಟ್ಟಿತ್ತು. ಸಹಿ ಹಾಕಲೇ ಎಂದು ಅವರನ್ನೇ ಕೇಳಿದೆ.

"ಇಷ್ಟು ದರಕ್ಕೆ ಕಟ್ಟುಬೀಳಬೇಡಮ್ಮ. ಚಳಿ ಕಳೀಲಿ, ಇಳಿಯುತ್ತೆ," ಅಂದರು.

ಅಕ್ಕ ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ನಾನು ಸಹಿ ಹಾಕಲಿಲ್ಲ.

ಮಾವಿನಮಿಡಿಯ ಕಾಲಕ್ಕೆಂದು ಇದ್ದಬದ್ದದ್ದನ್ನೆಲ್ಲ ಸುರಿದು ದೊಡ್ಡ ಭರಣಿಗಳನ್ನು ಮಾಡಿ ಭಟ್ಟಿಗೆ ತುಂಬಿದೆ. ಆ ಸುಡುವಿಕೆ ಕೆಟ್ಟರೆ ಭಟ್ಟಿಯನ್ನೇ ಮುಚ್ಚಬೇಕಿತ್ತು. ಭಾವ ಬಂದರು, ಹೊತ್ತಿಸಿದರು, ಪಾಯಸ ಉಂಡು ಹೋದರು. ಮರುದಿನ ಕಿಂಡಿಗೆ ಕಣ್ಣಿಟ್ಟರೆ ನೀಲಿ ಕುಗ್ಗಿತ್ತು. ಮಧ್ಯಾಹ್ನಕ್ಕೆ ದೀಪದ ಕುಡಿಯಷ್ಟಾಯಿತು. ನಡುವೆ ತಣಿದರೆ ಭರಣಿ ಬಿರುಕು ಬಿಡುತ್ತದೆ.

ಕಾಲುವೆಯಾಚೆಯ ಹೆಂಚಿನ ಕಾರ್ಖಾನೆಯ ಚಿಮಣಿಯ ಮೇಲೆ ಮಾತ್ರ ಬಿಸಿಗಾಳಿ ನಡುಗುತ್ತಿತ್ತು. ಬಹಳ ಕಾಲ ಮುಚ್ಚಿದ್ದ ಅದನ್ನು ಯಾರೋ ಹೊಸಬರು ಕೊಂಡಿದ್ದಾರೆಂದು ಕೇಳಿದ್ದೆ. ಅವರಿಗೂ ನಮಗೂ ಗ್ಯಾಸು ಬರುವುದು ಒಂದೇ ಪೈಪಿನಲ್ಲಿ. ಒಂದು ದಿನದ ಮಟ್ಟಿಗೆ ನಿಮ್ಮ ಉರಿ ತಗ್ಗಿಸಿ, ನನ್ನದು ಬೇಯಲಿ ಎಂದು ಕಾಲು ಹಿಡಿಯಲು ಓಡಿದೆ. ಬಾಗಿಲಲ್ಲಿ ಹಸಿ ತೋರಣವಿತ್ತು. ಆರತಿ ತಟ್ಟೆ ಹಿಡಿದು ಎದುರು ಬಂದವಳು ಅಕ್ಕ. ಒಳಗೆ ಯಜಮಾನರ ಕುರ್ಚಿಯಲ್ಲಿ ಭಾವ.

ಕರಾರು ಮಾಡಿಕೊಂಡವರಿಗೆ ಮೊದಲು ಗ್ಯಾಸು, ಮಿಕ್ಕಿದ್ದು ಉಳಿದವರಿಗೆ. ಕಂಪನಿಯ ನಿಯಮವಂತೆ. ಅದನ್ನು ನನಗೆ ಹೇಳಬೇಕಾಗಿದ್ದವರು ಭಾವ. ನಾನು ಬಿಟ್ಟ ಕರಾರಿಗೆ ಸಹಿ ಹಾಕಿದವರೂ ಅವರೇ.

"ಇಳಿಯುತ್ತೆ ಅಂದಿದ್ರಲ್ಲ ಭಾವ," ಅಂದೆ.

"ದರ ಅಂತ ಹೇಳಿದ್ನಾ? ಒತ್ತಡ ಇಳಿಯುತ್ತೆ ಅಂದಿದ್ದೆ. ಇಳೀತಲ್ಲ," ಅಂದರು. ಮುಖದಲ್ಲಿ ನಗುವೂ ಇರಲಿಲ್ಲ.

ಅಕ್ಕನ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ಪೈಪಲ್ಲಿ ಬರೋದೇ ಅಷ್ಟು ಕಣೇ. ಇಬ್ರಿಗೂ ಸಾಲಲ್ಲ ಅಂದ್ರು," ಅಂದಳು.

ಭಾವನ ಮೋಸವನ್ನು ಹೇಗೋ ನುಂಗಿಕೊಂಡೆ. ಅಕ್ಕನ ಆ ಮಾತು ಇವತ್ತಿಗೂ ಗಂಟಲಿನಿಂದ ಇಳಿದಿಲ್ಲ.

ಬಿರುಕು ಬಿಟ್ಟ ಭರಣಿಗಳನ್ನೆಲ್ಲ ಹೊರಗೆ ಹಾಕಿಸಿದ ಸಂಜೆ, ಅಭ್ಯಾಸಬಲದಿಂದ ಮತ್ತೆ ಕಿಂಡಿಗೆ ಕಣ್ಣಿಟ್ಟೆ. ಅಡ್ಡ ಏನೂ ಇರಲಿಲ್ಲ. ಮೊದಲ ಸಲ ಆಚೆಯ ಕಿಂಡಿ ಕಂಡಿತು. ಅದರಾಚೆ ಕಾಲುವೆ, ಕಾಲುವೆಯಾಚೆ ಅಕ್ಕನ ಭಟ್ಟಿಯ ಬಾಯಲ್ಲಿ ನೀಲಿ. ಒತ್ತಡ ಚೆನ್ನಾಗಿತ್ತು.